ಹಸಿರು ಕಂಬದ ಬೂದಿ



ಹೋದ ತಿಂಗಳು ನಮ್ಮ ದೊಡ್ಡಪ್ಪ ಕೊಟ್ಟಿಗೆ ಬೇಲಿಗೆ ಅಂತ ಪೇಟೆಯಿಂದ ಹಳೇ ಮರದ ಕಂಬ ಅಗ್ಗಕ್ಕೆ ತಂದರು. ಹೊರಗೆ ಬೂದು ಬಣ್ಣ, ಗರಗಸದಲ್ಲಿ ಕೊಯ್ದರೆ ಒಳಗೆ ತಿಳಿಹಸಿರು! ಗೆದ್ದಲು ಮುಟ್ಟೇ ಇರಲಿಲ್ಲ. ಉಳಿದ ತುಂಡುಗಳನ್ನು ಅಜ್ಜಿ ಬಚ್ಚಲೊಲೆಗೆ ಹಾಕಿದರು. ಒಂದು ಚೂರು ತಂದು ವಿಜ್ಞಾನದ ಮೇಷ್ಟ್ರಿಗೆ ತೋರಿಸಿದೆ. ಅವರು ಮೊದಲು ಕೇಳಿದ್ದೇ, "ಒಲೆಗೆ ಹಾಕಿದ್ರೇನೋ?"

ಇದು ಔಷಧಿ ಕುಡಿಸಿದ ಮರ. ಮರವನ್ನು ದೊಡ್ಡ ಕಬ್ಬಿಣದ ಕೊಳವೆಯಲ್ಲಿಟ್ಟು ಮುಚ್ಚಿ, ಗಾಳಿ ಹೀರಿ ತೆಗೆದು, ಒತ್ತಡದಿಂದ ದ್ರಾವಣ ತುಂಬುತ್ತಾರೆ. ಹೆಚ್ಚಾಗಿ ಬಳಸಿದ ದ್ರಾವಣದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರುತ್ತವೆ. ತಾಮ್ರ ಮರ ಕೊಳೆಯದಂತೆ ಕಾಯುತ್ತದೆ, ಆರ್ಸೆನಿಕ್ ಗೆದ್ದಲು ಕೊಲ್ಲುತ್ತದೆ, ಕ್ರೋಮಿಯಂ ಇವೆರಡನ್ನೂ ಮರಕ್ಕೆ ಹಿಡಿಸುತ್ತದೆ. ಹಿರಿಯರು ಶಂಖಪಾಷಾಣ ಅಂತಾರಲ್ಲ, ಅದರಲ್ಲಿರುವುದೂ ಆರ್ಸೆನಿಕ್ಕೇ. ಈ ದ್ರಾವಣ ಕಂಡುಹಿಡಿದವರು ನಮ್ಮ ದೇಶದವರೇ ಆದ ಸೊಂಟಿ ಕಾಮೇಶಂ. 1933ರಲ್ಲಿ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ.

ಅಮೆರಿಕದಲ್ಲಿ ಮನೆಯ ಜಗಲಿ, ಬೇಲಿ, ಮಕ್ಕಳ ಉಯ್ಯಾಲೆ ಕಂಬಕ್ಕೆಲ್ಲ ಇದೇ ಮರ ಬಳಸುತ್ತಿದ್ದರು. ಮಳೆ ಬಂದಾಗ ವಿಷ ಸ್ವಲ್ಪ ಸ್ವಲ್ಪ ಮಣ್ಣಿಗಿಳಿಯುತ್ತದೆ, ಮಕ್ಕಳ ಕೈಗೂ ಅಂಟುತ್ತದೆ. ಅದಕ್ಕೇ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಈ ಔಷಧಿ ಹಾಕುವುದನ್ನು ಹೆಚ್ಚುಕಡಿಮೆ ನಿಲ್ಲಿಸಿದರು. ಈಗ ಬರೀ ತಾಮ್ರ ಸೇರಿದ ಔಷಧಿಗಳೂ ಇವೆ. ಆ ಮರವೂ ಹಸಿರೇ, ಆದ್ದರಿಂದ ನೋಡಿ ಹೇಳಲಾಗದು. ಯಾವುದನ್ನೂ ಸುಡಬಾರದು.

ನೆಟ್ಟ ಕಂಬಕ್ಕಿಂತ ಸುಟ್ಟ ಕಂಬ ಕೆಟ್ಟದ್ದು. ಮರ ಉರಿಯುತ್ತದೆ, ಆರ್ಸೆನಿಕ್ ಉರಿದು ಹೋಗುವುದಿಲ್ಲ. ಒಂದಿಷ್ಟು ಹೊಗೆಯಲ್ಲಿ, ಮಿಕ್ಕಿದ್ದು ಬೂದಿಯಲ್ಲಿ. ನಾವು ಬೂದಿಯನ್ನು ಸುಮ್ಮನೆ ಬಿಸಾಡುತ್ತೇವೆಯೇ? ಪಾತ್ರೆ ಬೆಳಗುತ್ತೇವೆ, ಬದನೆ ಗಿಡಕ್ಕೆ ಎರಚುತ್ತೇವೆ, ತಿಪ್ಪೆಗೆ ಸುರಿಯುತ್ತೇವೆ. ದನಗಳಂತೂ ಉಪ್ಪುಪ್ಪಾದ ಬೂದಿ ಕಂಡರೆ ನೆಕ್ಕುತ್ತವೆ. ಬೇರೆ ದೇಶಗಳಲ್ಲಿ ಇಂಥ ಬೂದಿ ನೆಕ್ಕಿ ದನಗಳು ಸತ್ತಿವೆ.

ಇದನ್ನು ಕೇಳಿ ಮನೆಗೆ ಓಡಿದೆ. ಬೂದಿ ಇನ್ನೂ ಒಲೆಯಲ್ಲೇ ಇತ್ತು, ಪುಣ್ಯ! ಮೇಷ್ಟ್ರು ಹೇಳಿದಂತೆ ದೊಡ್ಡಪ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬೂದಿಯನ್ನು ಡಬ್ಬಿಗೆ ತುಂಬಿ ಮುಚ್ಚಿ ಎತ್ತಿಟ್ಟರು. ಕೊಯ್ದ ಪುಡಿಯನ್ನೂ ಗುಡಿಸಿ ಚೀಲಕ್ಕೆ ಹಾಕಿದರು. ಉಳಿದ ತುಂಡುಗಳು ಬೇಲಿಗೆ ಗೂಟವಾದವು. ಕಂಬ ಮುಟ್ಟಿದ ಮೇಲೆ ಕೈ ತೊಳೆದೇ ಊಟಕ್ಕೆ ಕೂರುತ್ತೇವೆ.

ಎರಡು ಹೊರೆ ಸೌದೆ ಕಳೆದೆ ಅಂತ ಅಜ್ಜಿಗೆ ನನ್ನ ಮೇಲೆ ಇನ್ನೂ ಸಿಟ್ಟು.