ಇಲಿಗೆ ಇಟ್ಟ ವಿಷ ಹಾಲಕ್ಕಿಗೆ ತಲುಪದಿರಲಿ

ರಾಗಿ ಕೊಯ್ಲಾಗಿ ಮೆದೆ ಬಿದ್ದ ಕೂಡಲೇ ಮಾಗಡಿ, ಕನಕಪುರದ ಕಡೆಯಿಂದ ಇಲಿ ಕಾಟದ ದೂರು ಶುರುವಾಗುತ್ತದೆ. ಚನ್ನಪಟ್ಟಣದ ತೋಟಗಳಲ್ಲಿ ತೂತು ಬಿದ್ದ ಎಳೆಗಾಯಿ ಉದುರುತ್ತವೆ. ರಾಮನಗರದ ಹುಳು ಮನೆಗಳಲ್ಲಿ ಇಲಿ ಚಂದ್ರಿಕೆ ಹತ್ತಿ, ಗೂಡು ಕಡಿದು ಕೋಶ ತಿನ್ನುತ್ತದೆ. ಇದರ ಜೊತೆಗೆ ಇನ್ನೊಂದು ಮಾತೂ ಪದೇ ಪದೇ ಕಿವಿಗೆ ಬೀಳುತ್ತಿದೆ: ಬದುವಿನ ಹೊಂಗೆ ಮರದಡಿ ಹಾಲಕ್ಕಿ ಸತ್ತು ಬಿದ್ದಿತ್ತು. ಅಂಥ ಹೊಲಕ್ಕೆ ಹೋಗಿ ನೋಡಿದರೆ ಬದುವಿನುದ್ದಕ್ಕೂ ವಿಷದ ಬಿಲ್ಲೆ ಚೆಲ್ಲಿರುತ್ತದೆ, ಬೇಲಿಯಲ್ಲಿ ಊದಿಕೊಂಡ ಇಲಿ ಬಿದ್ದಿರುತ್ತದೆ.

ಹಾಲಕ್ಕಿ, ಅಂದರೆ ಮೈತುಂಬ ಬಿಳಿ ಚುಕ್ಕೆಯ ಈ ಗೇಣುದ್ದದ ಗೂಬೆ, ನಿಮಗೆ ಹೊಸದಲ್ಲ. ಹಗಲು ಮಾವು, ಹುಣಸೆ, ಹೊಂಗೆಯ ಪೊಟರೆಯಲ್ಲಿ ಜೋಡಿಯಾಗಿ ಇರುತ್ತದೆ. ಮುಸ್ಸಂಜೆಗೆ ಬೇಲಿಯ ಕಲ್ಲುಕಂಬಕ್ಕೋ ಕರೆಂಟ್ ತಂತಿಗೋ ಬಂದು ಕೂತು, ತಲೆಯನ್ನು ಮೇಲೆ ಕೆಳಗೆ ಆಡಿಸಿ ಗುರಿ ನೋಡಿ, ನೆಲಕ್ಕೆ ಎರಗುತ್ತದೆ. ದುಂಬಿ, ಮಿಡತೆ, ಚಿಟ್ಟೆಹುಳು, ಹಲ್ಲಿ, ಸಣ್ಣ ಇಲಿ ಇದರ ಆಹಾರ. ಮುಂಗಾರಿನ ಮೊದಲ ಮಳೆಗೆ ಏಳುವ ಗೊಣ್ಣೆಹುಳದ ದುಂಬಿಯನ್ನೂ ಬಿಡುವುದಿಲ್ಲ. ಹೆಗ್ಗಣ ಹಿಡಿಯುವುದು ಮಾತ್ರ ಇದರ ಕೈಲಾಗದು. ಇದರ ತೂಕವೇ ನೂರು ಗ್ರಾಂಗಿಂತ ತುಸು ಹೆಚ್ಚು, ಬಲಿತ ಹೆಗ್ಗಣ ಅದರ ಎರಡರಷ್ಟಕ್ಕೂ ಮೀರುತ್ತದೆ. ಆದ್ದರಿಂದ ಹಾಲಕ್ಕಿ ಇದೆಯೆಂದು ಹೆಗ್ಗಣದ ಬಿಲ ಬಿಟ್ಟು ಕೂರಬೇಡಿ. ಔಷಧಿ ಬೇಕೇ ಬೇಕು, ಆದರೆ ಅದನ್ನು ಸರಿಯಾಗಿ ಇಡಬೇಕು.

ಹಾಲಕ್ಕಿ ಮೊಟ್ಟೆಯಿಟ್ಟು ಮರಿ ಮಾಡುವುದು ನವೆಂಬರ್‌ನಿಂದ ಏಪ್ರಿಲ್ ಒಳಗೆ. ನೀವು ಮೆದೆ, ಬಣವೆಯ ಸುತ್ತ ವಿಷ ಇಡುವುದೂ ಆಗಲೇ. ಬ್ರೊಮಾಡಿಯೋಲೋನ್ ಎಂಬ ವಿಷ ತಿಂದ ಇಲಿ ಅಂದೇ ಸಾಯುವುದಿಲ್ಲ. ಮೂರು ನಾಲ್ಕು ದಿನ, ಕೆಲವೊಮ್ಮೆ ವಾರ ತೂಕಡಿಸುತ್ತ ಬಯಲಲ್ಲಿ ಓಡಾಡುತ್ತದೆ. ಗೂಬೆಗೆ ಸುಲಭವಾಗಿ ಸಿಗುವುದು ಅದೇ ಇಲಿ, ಪೊಟರೆಯ ಮರಿಗಳ ಬಾಯಿಗೂ ಅದೇ ಹೋಗುತ್ತದೆ. ಹಲವು ದೇಶಗಳಲ್ಲಿ ಸತ್ತ ಗೂಬೆಗಳ ಯಕೃತ್ತಿನಲ್ಲಿ ಈ ಜಾತಿಯ ವಿಷ ಸಿಕ್ಕಿದೆ. ನಮ್ಮ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಧಾಮ ಮಾಡಬೇಕಾಗಿ ಬಂತಲ್ಲ, ದೇಶದ ರಣಹದ್ದುಗಳು ನೆಲಕಚ್ಚಿದ್ದೂ ಹೆಣದ ಮೂಲಕ ಹೋದ ಮದ್ದಿನಿಂದಲೇ. ದನಕ್ಕೆ ಚುಚ್ಚಿದ ಡೈಕ್ಲೋಫೆನಾಕ್ ಅದು. ದನಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು.

ಈಗ ಪ್ರಮಾಣ. ಮೊದಲ ದಿನ ಎಲ್ಲ ಬಿಲ ಮುಚ್ಚಿ. ಮರುದಿನ ತೆರೆದುಕೊಂಡ ಬಿಲದಲ್ಲಷ್ಟೇ ಇಲಿ ಇದೆ, ಅದಕ್ಕೆ ಕಡ್ಡಿ ನೆಟ್ಟು ಗುರುತು ಮಾಡಿ. ಅವತ್ತೇ ವಿಷವಿಲ್ಲದ ತಿಂಡಿ ಇಡಿ: 980 ಗ್ರಾಂ ನುಚ್ಚಿಗೆ 20 ಗ್ರಾಂ ಕಡಲೆಕಾಯಿ ಎಣ್ಣೆ, ಬಿಲಕ್ಕೆ 20 ಗ್ರಾಂ. ನಾಲ್ಕನೆಯ ದಿನ ಪಾಷಾಣ: 960 ಗ್ರಾಂ ನುಚ್ಚು, 20 ಗ್ರಾಂ ಎಣ್ಣೆ, 20 ಗ್ರಾಂ ಸತುವಿನ ರಂಜಕ, ಅಂದರೆ ಜಿಂಕ್ ಫಾಸ್ಫೈಡ್. 10 ಗ್ರಾಂ ಪೊಟ್ಟಣ ಕಟ್ಟಿ ಬಿಲದೊಳಗೆ ತಳ್ಳಿ, ಬಾಯಿ ಮುಚ್ಚಿ. ಒಂದು ಕೆ.ಜಿ. ನೂರು ಬಿಲಕ್ಕೆ ಸಾಕು. ಕೈಗೆ ಗ್ಲೌಸ್ ಇರಲಿ, ಕೋಲಿನಲ್ಲೇ ಕಲಸಿ, ನೀರು ಸೋಕಿಸಬೇಡಿ. 20 ಗ್ರಾಂ ಎಂದರೆ 20 ಗ್ರಾಂ. ‘ಜೋರಾಗಿರಲಿ’ ಎಂದು 40 ಹಾಕಿದರೆ ಇಲಿ ಮೂಸಿ ಬಿಡುತ್ತದೆ. ಒಮ್ಮೆ ನೆಕ್ಕಿ ಬದುಕಿದ್ದು ಮತ್ತೆ ಅದರ ಹತ್ತಿರ ಸುಳಿಯುವುದಿಲ್ಲ. ಆಮೇಲೂ ತೆರೆದುಕೊಂಡ ಬಿಲಕ್ಕೆ ಮಾತ್ರ ಶೇ. 0.005ರ ಬ್ರೊಮಾಡಿಯೋಲೋನ್ ತಿಂಡಿ, ಬಿಲಕ್ಕೆ 15 ಗ್ರಾಂ.

ತೆಂಗಿಗೆ 10 ಗ್ರಾಂನ ಬ್ರೊಮಾಡಿಯೋಲೋನ್ ಬಿಲ್ಲೆಯನ್ನು ಐದು ಮರಕ್ಕೊಂದರಂತೆ ಸುಳಿಯ ಬಳಿ ಇಡಿ, 12 ದಿನ ಬಿಟ್ಟು ಇನ್ನೊಮ್ಮೆ. ಬುಡದಿಂದ ಆರಡಿ ಮೇಲೆ ಕಾಂಡಕ್ಕೆ ತಗಡು ಸುತ್ತಿದರೆ ಅದೂ ಬೇಡ. ಹುಳು ಮನೆಗೆ ಬೋನು ಮತ್ತು ಕಿಟಕಿಗೆ ಜಾಲರಿ, ಅಷ್ಟೇ. ಅಲ್ಲಿ ಪಾಷಾಣದ ಮಾತೇ ಎತ್ತಬೇಡಿ.

ನಮ್ಮ ರೈತರು ಬಿಡದೆ ಮಾಡುವ ತಪ್ಪು ಒಂದೇ: ವಿಷ ಇಟ್ಟ ಮೇಲೆ ಹೊಲದ ಕಡೆ ತಿರುಗಿ ನೋಡುವುದಿಲ್ಲ. ಎಷ್ಟು ಸಲ ಹೇಳಿದರೂ ಇದೇ ಕತೆ. ಪಾಷಾಣ ಇಟ್ಟ ಮಾರನೆಯ ಬೆಳಗ್ಗೆ, ಬ್ರೊಮಾಡಿಯೋಲೋನ್ ಆದರೆ ಹತ್ತು ದಿನ ದಿನವೂ, ಹೊಲ ಸುತ್ತಿ. ಸತ್ತ ಇಲಿಯನ್ನು ಬೇಲಿಗೆ, ತಿಪ್ಪೆಗೆ, ಕಾಲುವೆಗೆ ಎಸೆಯದೆ ಎರಡಡಿ ಗುಂಡಿಯಲ್ಲಿ ಹೂಳಿ. ಉಳಿದ ತಿಂಡಿಯನ್ನೂ ಅದೇ ಗುಂಡಿಗೆ ಹಾಕಿ. ಅರ್ಧ ಗಂಟೆಯ ಈ ಕೆಲಸಕ್ಕೆ ಬಿಡುವಿಲ್ಲದವರು ವಿಷವನ್ನೇ ಮುಟ್ಟಬಾರದು.

ಎಕರೆಗೆ ಎಂಟು ಹತ್ತು ಕಡೆ ಆಳೆತ್ತರದ ಕೋಲಿಗೆ ಅಡ್ಡಪಟ್ಟಿ ಕಟ್ಟಿ ನೆಡಿ, ರಾತ್ರಿ ಹಾಲಕ್ಕಿ ಕೂರುತ್ತದೆ. ಭತ್ತದಲ್ಲಿ ಹಾಲುಗಾಳು ಕಟ್ಟುವಾಗ ಕಿತ್ತುಬಿಡಿ, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳು ಬರುತ್ತವೆ. ಬುಡುಬುಡಿಕೆಯವರು ಹಾಲಕ್ಕಿ ನುಡಿಯಿತೆಂದರೆ ಮೊರದಲ್ಲಿ ರಾಗಿ ತಂದು ಕೊಡುತ್ತೀರಿ, ಅದೇ ಹಕ್ಕಿ ಇರುವ ಪೊಟರೆ ಮಾವನ್ನು ‘ಹಳೇ ಮರ’ ಎಂದು ಸೌದೆಗೆ ಕಡಿಸುತ್ತೀರಿ. ಆ ಮರಗಳನ್ನು ಉಳಿಸಿ. ಗೂಬೆ ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಮಕ್ಕಳೋ ದನವೋ ವಿಷ ತಿಂದರೆ ಪ್ಯಾಕೆಟ್ ಸಮೇತ ತಕ್ಷಣ ಆಸ್ಪತ್ರೆಗೆ ಹೋಗಿ. ಬ್ರೊಮಾಡಿಯೋಲೋನ್‌ಗೆ ಮದ್ದಾಗಿ ವಿಟಮಿನ್ ಕೆ-1 ಇದೆ, ಸತುವಿನ ರಂಜಕಕ್ಕೆ ಪ್ರತಿವಿಷವೇ ಇಲ್ಲ. ಅಳತೆಯಲ್ಲಿ ಅನುಮಾನವಿದ್ದರೆ ಕಲಸುವ ಮೊದಲೇ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್‌ಗೆ, 1800-180-1551ಕ್ಕೆ, ಕರೆ ಮಾಡಿ.