ಶ್ರವಣದೋಷವುಳ್ಳ ಮಗುವಿನ ನಡಿಗೆ: ಹತ್ತು ನಿಮಿಷದ ಸಮತೋಲನ ಪಾಠ

ಕಿವಿ ಕೇಳಿಸದ ಮಗು ಸಾಲಿನಲ್ಲಿ ಓಲಾಡಿದರೆ, ಮೆಟ್ಟಿಲಿನಲ್ಲಿ ತಡವರಿಸಿದರೆ ‘ಅಜಾಗರೂಕತೆ’ ಎಂದುಬಿಡುತ್ತೇವೆ. ಉಬ್ರಾಣಿಯಲ್ಲಿ ಅಭ್ಯಾಸ ಬೋಧನೆಗೆ ಹೋಗಿದ್ದಾಗ ನಾಲ್ಕನೇ ತರಗತಿಯ ಅಂಥ ಬಾಲಕಿಯೊಬ್ಬಳು ಕುಂಟಬಿಲ್ಲೆ ಶುರುವಾದರೆ ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದಳು. ಅವಳಿಗಾಗಿ ಯೋಜಿಸಿದ ಪಾಠವನ್ನು ಇಲ್ಲಿ ವಿವರಿಸುತ್ತೇನೆ.

ಹಿನ್ನೆಲೆ: ಒಳಕಿವಿಯಲ್ಲಿ ಕೇಳುವ ಅಂಗದ ಪಕ್ಕದಲ್ಲೇ ಮೂರು ಅರ್ಧವೃತ್ತಾಕಾರದ ನಾಳಗಳೂ ಎರಡು ಪುಟ್ಟ ಚೀಲಗಳೂ ಇವೆ. ನಾಳಗಳು ತಲೆ ತಿರುಗಿದ್ದನ್ನು, ಚೀಲಗಳು ತಲೆ ವಾಲಿದ್ದನ್ನು ಮತ್ತು ನೇರ ಚಲನೆಯನ್ನು ಮಿದುಳಿಗೆ ತಿಳಿಸುತ್ತವೆ. ಮೆನಿಂಜೈಟಿಸ್‌ನಂಥ ಕಾಯಿಲೆ ಎರಡನ್ನೂ ಕೆಡಿಸಬಲ್ಲದು. ಶ್ರವಣದೋಷವುಳ್ಳ ಎಲ್ಲ ಮಕ್ಕಳಿಗೂ ಈ ತೊಂದರೆ ಇರುವುದಿಲ್ಲ. ಇರುವ ಮಗು ಕಣ್ಣು ಮತ್ತು ಪಾದಗಳಿಂದ ಬರುವ ಮಾಹಿತಿಯನ್ನು ಹೆಚ್ಚು ಬಳಸಲು ಕಲಿಯಬೇಕು. ತರಬೇತಿಯ ಉದ್ದೇಶ ಇದೇ.

ಪೂರ್ವಪರೀಕ್ಷೆ: ಮಗು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ಎಷ್ಟು ಸೆಕೆಂಡು ನಿಲ್ಲುತ್ತದೆಂದು ಬರೆದುಕೊಳ್ಳಿ. ಪಕ್ಕದಲ್ಲಿ ಒಬ್ಬರು ಹಿಡಿಯಲು ಸಿದ್ಧರಿರಲಿ. ನಮ್ಮ ಬಾಲಕಿ ಕಣ್ಣು ಮುಚ್ಚಿದ ಕೂಡಲೇ ವಾಲುತ್ತಿದ್ದಳು.

ಸೂಚನೆ ಕೊಡುವ ಕ್ರಮ: ಕಣ್ಣು ಮುಚ್ಚಿದ ಮಗುವಿಗೆ ನಮ್ಮ ಸನ್ನೆಯೂ ಕಾಣದು, ಮಾತೂ ಕೇಳಿಸದು. ಆದ್ದರಿಂದ ಮೊದಲು ಮಾಡಿ ತೋರಿಸಬೇಕು. ‘ಭುಜ ತಟ್ಟಿದರೆ ಕಣ್ಣು ತೆರೆ’ ಎಂಬ ಒಪ್ಪಂದ ಮಾಡಿಕೊಂಡ ಮೇಲೆಯೇ ಚಟುವಟಿಕೆ ಆರಂಭಿಸಬೇಕು.

ಚಟುವಟಿಕೆಗಳು (ಇಡೀ ತರಗತಿಗೆ):
1. ಸುಣ್ಣದ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡಿಗೆ. ಮೊದಲು ಪಾದ ನೋಡುತ್ತ, ನಂತರ ಎದುರಿನ ಬಾವುಟ ನೋಡುತ್ತ.
2. ಎಡಬಲದ ಗೆಳೆಯರು ತೋರಿಸುವ ಚಿತ್ರಗಳತ್ತ ತಲೆ ತಿರುಗಿಸುತ್ತ ನಡಿಗೆ.
3. ಮಡಿಸಿದ ಗೋಣಿಚೀಲದ ಮೇಲೆ ನಿಲ್ಲುವುದು.
4. ಕುಂಟಬಿಲ್ಲೆ, ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂಟಿಕಾಲಿನಲ್ಲಿ.

ಮಗು ಒಂದು ಹಂತದಲ್ಲಿ ಸ್ಥಿರವಾದ ಮೇಲಷ್ಟೇ ಮುಂದಿನದು.

ಅವಲೋಕನ: ಅಭ್ಯಾಸ ಬೋಧನೆ ಮುಗಿಯುವ ಹೊತ್ತಿಗೆ ಬಾಲಕಿ ಗೆರೆಯ ಮೇಲೆ ತಲೆ ಎತ್ತಿ ನಡೆಯುತ್ತಿದ್ದಳು, ಕುಂಟಬಿಲ್ಲೆಯಲ್ಲಿ ತನ್ನ ಸರದಿ ಕೇಳಿ ಪಡೆಯುತ್ತಿದ್ದಳು. ಕಣ್ಣು ಮುಚ್ಚಿ ನಿಲ್ಲುವುದರಲ್ಲಿ ಮಾತ್ರ ಹೆಚ್ಚು ಬದಲಾವಣೆ ಕಾಣಲಿಲ್ಲ. ಅಭ್ಯಾಸ ಕಣ್ಣು ಮತ್ತು ಪಾದಗಳ ಬಳಕೆಯನ್ನು ಚುರುಕುಗೊಳಿಸುತ್ತದೆ, ಒಳಕಿವಿಯನ್ನು ವಾಸಿಮಾಡುವುದಿಲ್ಲ.

ಆದ್ದರಿಂದ ಪೋಷಕರಿಗೆ ಎರಡು ಮಾತು ತಿಳಿಸಲೇಬೇಕು. ಸಂಜೆಗತ್ತಲಲ್ಲಿ ಅಡಿಕೆ ತೋಟದ ಬದುವಿನ ಮೇಲೆ ಹೋಗುವಾಗ ಮಗುವಿನ ಕೈಯಲ್ಲಿ ಬ್ಯಾಟರಿ ಇರಲಿ. ಕೆರೆ, ಕಾಲುವೆಗೆ ಒಂಟಿಯಾಗಿ ಇಳಿಯಬಾರದು: ನೀರಿನೊಳಗೆ ಕಣ್ಣಿಗೆ ಕಾಣದೆ, ಕಾಲಿಗೆ ನೆಲ ಸಿಗದೆ ಇಂಥ ಮಗುವಿಗೆ ಮೇಲು ಯಾವುದು, ಕೆಳಗು ಯಾವುದು ಎಂದೇ ತಿಳಿಯದೆ ಹೋಗಬಹುದು. ತೀವ್ರ ಓಲಾಟವಿದ್ದರೆ ವೈದ್ಯರಿಗೆ ತೋರಿಸಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತಜ್ಞರಿದ್ದಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೀಡೆಯಲ್ಲೂ ಸಮಾನ ಅವಕಾಶ ನೀಡಬೇಕೆನ್ನುತ್ತದೆ. ಪ್ರಶಿಕ್ಷಣಾರ್ಥಿಗಳು ತಮ್ಮ ದೈಹಿಕ ಶಿಕ್ಷಣದ ಪಾಠಯೋಜನೆಯಲ್ಲಿ ಈ ಹತ್ತು ನಿಮಿಷವನ್ನು ಸೇರಿಸಿಕೊಂಡು, ವಾರಕ್ಕೊಮ್ಮೆ ಪ್ರಗತಿ ದಾಖಲಿಸಬೇಕೆಂದು ಕೋರುತ್ತೇನೆ.