ಪಾಕೀಟೋ, ಡಬ್ಬಿಯೋ?
(ವಸತಿಗೃಹಗಳ ಜಳಕದ ಸಾಮಗ್ರಿಗಳ ಕುರಿತು ಒಂದು ವಿವೇಚನೆ)

— ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿ

ಒಂದು ನಾಡಿನ ಆರ್ಥಿಕ ಜೀವನವನ್ನು ಅರಿಯಲು ಅದರ ಗಿರಣಿ-ಕಾರಖಾನೆಗಳನ್ನೇ ನೋಡಬೇಕೆಂಬ ನಿಯಮವಿಲ್ಲ. ಜನರು ದಿನಬೆಳಗಾದರೆ ಬಳಸಿ ಬಿಸಾಡುವ ಸಣ್ಣ ಪದಾರ್ಥಗಳೂ ಆ ಜೀವನದ ಕಥೆಯನ್ನು ಹೇಳಬಲ್ಲವು. ಅಂಥ ಒಂದು ಸಣ್ಣ ಪದಾರ್ಥವೇ ಈ ಲೇಖನದ ವಿಷಯ. ವಸತಿಗೃಹಗಳಲ್ಲಿ ತಂಗುವವರಿಗೆ ಕೊಡುವ ಕಿರುಸಾಬೂನು, ಶಾಂಪೂ ಪಾಕೀಟು, ಪುಟ್ಟ ಬಾಟಲಿ ಇವುಗಳ ಬದಲು, ಗೋಡೆಗೆ ಬಿಗಿದು ಮತ್ತೆ ಮತ್ತೆ ತುಂಬಬಹುದಾದ ಡಬ್ಬಿಗಳನ್ನು ಇಡುವ ಪದ್ಧತಿ ಈಗ ಜಗತ್ತಿನ ಹಲವೆಡೆ ರೂಢಿಗೆ ಬರುತ್ತಿದೆ. ಇದಕ್ಕೆ ಡಿಸ್ಪೆನ್ಸರ್ ಎಂದು ಹೆಸರು. ನಾನು ಡಬ್ಬಿ ಎಂದೇ ಕರೆಯುವೆನು. ಈ ಪದ್ಧತಿಯು ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಹೊಂದುವುದೇ, ಹೊಂದುವುದಾದರೆ ಯಾವ ಏರ್ಪಾಡಿನ ಮೇಲೆ, ಎಂಬುದನ್ನು ವಿವೇಚಿಸುವುದು ನನ್ನ ಉದ್ದೇಶ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ಶುಲ್ಕ ಹಾಗೂ ಪುಸ್ತಕಗಳ ಖರ್ಚಿನ ಬಹುಪಾಲು, ನಮ್ಮವ್ವ ಒಂದು ಲಾಡ್ಜಿನಲ್ಲಿ ಕೋಣೆ ಗುಡಿಸಿ ಬಚ್ಚಲು ತೊಳೆದು ಗಳಿಸಿದ ಹಣದಿಂದ ಸಾಗಿದೆ. ಆದುದರಿಂದ ಅರ್ಥಶಾಸ್ತ್ರದ ಪಾಠದಲ್ಲಿ ‘ಉಪಭೋಗ’ ಎಂಬ ಶಬ್ದವನ್ನು ಕೇಳಿದಾಗಲೆಲ್ಲ, ಉಪಭೋಗವಾದ ಮೇಲೆ ಉಳಿದುದನ್ನು ಬಗ್ಗಿ ಆರಿಸುವವರು ಯಾರು ಎಂಬ ಪ್ರಶ್ನೆಯೂ ನನಗೆ ಜೊತೆಯಲ್ಲಿಯೇ ಏಳುತ್ತದೆ.

ನಮ್ಮ ಕಡೆ ಹೋಟೆಲು ಎಂದರೆ ಚಹಾ-ಉಪ್ಪಿಟ್ಟಿನ ಜಾಗ. ತಂಗುವ ಜಾಗಕ್ಕೆ ಲಾಡ್ಜ್ ಎನ್ನುತ್ತೇವೆ. ಹಿಂದೆ ಧರ್ಮಶಾಲೆ, ಛತ್ರ, ಮಠಗಳಲ್ಲಿ ಇಳಿಯುತ್ತಿದ್ದ ಪ್ರವಾಸಿಯು ತನ್ನ ತಂಬಿಗೆ, ಪಂಜೆಗಳನ್ನು ತಾನೇ ತರುತ್ತಿದ್ದನು. ತಲೆಗೆ ಸೀಗೆಪುಡಿ, ಮೈಗೆ ಕಡಲೆಹಿಟ್ಟು. ಸಾಬೂನು ನಮ್ಮ ನಾಡಿನ ದೊಡ್ಡ ಉದ್ಯಮವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1916ರಲ್ಲಿ ಮೈಸೂರು ಸರಕಾರವು ಶ್ರೀಗಂಧದೆಣ್ಣೆಯ ಕಾರಖಾನೆಯನ್ನು ತೆರೆಯಿತು. 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ತಯಾರಿಕೆ ಮೊದಲಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರು, ಸರ್ ಎಂ. ವಿಶ್ವೇಶ್ವರಯ್ಯನವರು ಮತ್ತು ರಸಾಯನಶಾಸ್ತ್ರಜ್ಞ ಎಸ್. ಜಿ. ಶಾಸ್ತ್ರಿಯವರ ಹೆಸರು ಈ ಉದ್ಯಮದೊಂದಿಗೆ ಸೇರಿಕೊಂಡಿದೆ. ಶಾಂಪೂ ಮಾತ್ರ ಬಹುಕಾಲ ಶ್ರೀಮಂತರ ವಸ್ತುವಾಗಿಯೇ ಉಳಿಯಿತು. ಅದನ್ನು ಬಡವರ ಕೈಗೆ ಎಟುಕಿಸಿದ್ದು ಪಾಕೀಟು. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿಕೃಷ್ಣನ್ ಎಂಬವರು ಶಾಂಪೂವನ್ನು ಪಾಕೀಟಿನಲ್ಲಿ ತುಂಬಿ ಮಾರಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಕೇವಲ 15,000 ರೂಪಾಯಿಯ ಬಂಡವಾಳದಿಂದ ಚಿಕ್ ಶಾಂಪೂವಿನ ಉದ್ಯಮವನ್ನು ಕಟ್ಟಿದರು. ಇದನ್ನು ಮರೆತು ಪಾಕೀಟನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ಬಾಟಲಿಗೆ ಹಣವಿಲ್ಲದ ಕೂಲಿ ಹೆಂಗಸಿಗೆ ಅದು ಒಂದು ಅನುಕೂಲ. ಆದರೆ ಮನೆಯ ಬಡತನಕ್ಕೆ ಒದಗಿದ ವಸ್ತುವನ್ನು, ಸಗಟು ಕೊಳ್ಳಬಲ್ಲ ಲಾಡ್ಜು ಬಳಸುವುದೇಕೆ? ಪ್ರಶ್ನೆಯಿರುವುದು ಇಲ್ಲಿ.

ಇನ್ನು ಹೊರಜಗತ್ತಿನ ಕಡೆಗೆ ದೃಷ್ಟಿ ಹಾಯಿಸೋಣ. 2019ರ ಜುಲೈಯಲ್ಲಿ ಐ.ಎಚ್.ಜಿ. ಎಂಬ ಹೋಟೆಲು ಸಂಸ್ಥೆಯು, ವರ್ಷಕ್ಕೆ ಸುಮಾರು 20 ಕೋಟಿ ಕಿರುಬಾಟಲಿಗಳು ತನ್ನ ಬಚ್ಚಲುಗಳಲ್ಲಿ ಖರ್ಚಾಗುತ್ತವೆಂದು ಹೇಳಿ, ಅವುಗಳ ಬದಲು ದೊಡ್ಡ ಡಬ್ಬಿಗಳನ್ನು ಇಡುವುದಾಗಿ ಸಾರಿತು. ಮರುತಿಂಗಳೇ ಮ್ಯಾರಿಯಟ್ ಸಂಸ್ಥೆಯು ಅದೇ ದಾರಿ ಹಿಡಿಯಿತು. ಅದರ ಅಂದಾಜು ವರ್ಷಕ್ಕೆ 50 ಕೋಟಿ ಬಾಟಲಿ, ಅಂದರೆ ಸುಮಾರು 770 ಟನ್ ಪ್ಲಾಸ್ಟಿಕ್ಕು ಉಳಿಯುವುದೆಂದು. ಅದೇ ವರ್ಷ ಅಮೇರಿಕದ ಕ್ಯಾಲಿಫೋರ್ನಿಯಾ ರಾಜ್ಯವು 6 ಔನ್ಸಿಗಿಂತ ಚಿಕ್ಕದಾದ ಬಾಟಲಿಗಳ ವಿರುದ್ಧ ಕಾಯಿದೆ ಮಾಡಿತು. 50ಕ್ಕಿಂತ ಹೆಚ್ಚು ಕೋಣೆಗಳುಳ್ಳ ಹೋಟೆಲುಗಳಿಗೆ 2023ರಿಂದಲೂ ಉಳಿದವಕ್ಕೆ 2024ರಿಂದಲೂ ಅದು ಅನ್ವಯಿಸಿತು. ಯುರೋಪಿನ ಒಕ್ಕೂಟದ 2025ರ ಕಟ್ಟಳೆಯಂತೆ, 2030ರಿಂದ ವಸತಿಗೃಹಗಳಲ್ಲಿ ಒಬ್ಬ ಅತಿಥಿಗೆಂದೇ ಇಡುವ ಶಾಂಪೂ ಬಾಟಲಿಗಳಷ್ಟೇ ಅಲ್ಲ, ಕಿರುಸಾಬೂನಿನ ಪ್ಲಾಸ್ಟಿಕ್ ಹೊದಿಕೆಯೂ ನಿಷಿದ್ಧ.

ನಮ್ಮ ದೇಶದ ಸ್ಥಿತಿಯೇನು? 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿನ ಹಲವು ವಸ್ತುಗಳು ಭಾರತದಲ್ಲಿ ನಿಷೇಧಗೊಂಡವು. ತಟ್ಟೆ, ಲೋಟ, ಚಮಚ, ಹೀರುಗೊಳವೆ, ಮಿಠಾಯಿ ಪೆಟ್ಟಿಗೆಯ ಮೇಲಿನ ತೆಳುಹಾಳೆ ಇವೆಲ್ಲ ಆ ಯಾದಿಯಲ್ಲಿವೆ. ಗುಟಖಾ, ತಂಬಾಕು, ಪಾನಮಸಾಲೆಗಳನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ಕಟ್ಟುವುದನ್ನು 2016ರ ನಿಯಮಗಳೇ ತಡೆದಿದ್ದವು. ಆದರೆ ಜುಲೈ 2022ರ ಯಾದಿಯಲ್ಲಿ ಶಾಂಪೂ ಪಾಕೀಟಾಗಲಿ ಹೋಟೆಲಿನ ಕಿರುಬಾಟಲಿಯಾಗಲಿ ಇರಲಿಲ್ಲ. ಆದುದರಿಂದ ಇಲ್ಲಿ ಬದಲಾವಣೆಯಾಗಬೇಕಾದರೆ ಕಾಯಿದೆಯ ಭಯಕ್ಕಿಂತ ಮಾಲೀಕರ ಮನಸ್ಸು ಮತ್ತು ಲೆಕ್ಕ ಇವೆರಡನ್ನೇ ನೆಚ್ಚಬೇಕು.

ನಮ್ಮ ನಾಲ್ಕೂ ಊರುಗಳು ಪ್ರವಾಸಿಗಳ ಊರುಗಳೇನಲ್ಲ. ಸೀರೆಯ ವ್ಯಾಪಾರಕ್ಕೆ ಬಂದವರು, ಸಕ್ಕರೆ ಕಾರಖಾನೆಯ ಯಂತ್ರ ಸರಿಪಡಿಸಲು ಬಂದವರು, ಔಷಧಿ-ಬೀಜಗಳ ಕಂಪನಿಯವರು, ಲಗ್ನಕ್ಕೆ ಬಂದ ಬೀಗರು ಒಂದೆರಡು ರಾತ್ರಿ ಇಲ್ಲಿಯ ಲಾಡ್ಜುಗಳಲ್ಲಿ ಉಳಿಯುತ್ತಾರೆ. ಅವರಿಗೆ ದೊರೆಯುವುದು ಬಾಟಲಿಯಲ್ಲ. ಬೆರಳುದ್ದದ ಸಾಬೂನು ಮತ್ತು ಶಾಂಪೂ ಪಾಕೀಟು. ಬಾಟಲಿಗಿಂತ ಪಾಕೀಟು ಕಿರಿದಾದರೂ ಅದರ ಉಪದ್ರವ ಹಿರಿದು. ಖಾಲಿ ಬಾಟಲಿಯನ್ನು ಗುಜರಿಯವನು ಕೊಳ್ಳುವನು. ಪಾಕೀಟೋ ಹಲವು ಪದರುಗಳನ್ನು ಅಂಟಿಸಿ ಮಾಡಿದ್ದು. ಆ ಪದರುಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಅದಕ್ಕೆ ಬೆಲೆಯೇ ಇಲ್ಲ. 2022ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರವು ತಯಾರಕರ ಹೊಣೆಯನ್ನು ಗೊತ್ತುಪಡಿಸಿದಾಗ ಇಂಥ ಬಹುಪದರಿನ ಪ್ಲಾಸ್ಟಿಕ್ಕನ್ನು ಪ್ರತ್ಯೇಕ ವರ್ಗವಾಗಿಯೇ ಎಣಿಸಿತು.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡೋಣ. ಒಂದು ಲಾಡ್ಜಿನಲ್ಲಿ 20 ಕೋಣೆಗಳಿದ್ದು, ದಿನಾಲು ಅರ್ಧದಷ್ಟು ತುಂಬುವುವೆಂದು ಎಣಿಸೋಣ. ಕೋಣೆಗೆ 2 ಪಾಕೀಟು, 1 ಸಾಬೂನು. ಆಗ ವರ್ಷಕ್ಕೆ 7,300 ಪಾಕೀಟು, 3,650 ಸಾಬೂನು ಆದವು. ಪಾಕೀಟಿನಲ್ಲಿ 6 ಮಿಲಿಲೀಟರ್ ಶಾಂಪೂ ಎಂದರೆ ಒಟ್ಟು ಸುಮಾರು 44 ಲೀಟರು. ಅಂದರೆ 5 ಲೀಟರಿನ 9 ಕ್ಯಾನುಗಳು ಸಾಕು. ಏಳು ಸಾವಿರಕ್ಕೂ ಮಿಕ್ಕಿದ ಹರಕು ಪಾಕೀಟು ಒಂದು ಕಡೆ, ತೊಳೆದು ಮತ್ತೆ ಉಪಯೋಗಿಸಬಹುದಾದ ಒಂಬತ್ತು ಕ್ಯಾನು ಇನ್ನೊಂದು ಕಡೆ. ಹಣದ ದೃಷ್ಟಿಯಿಂದ, ಪಾಕೀಟಿಗೆ ಒಂದು ರೂಪಾಯಿಯಂತೆ 7,300 ರೂಪಾಯಿ. ಕ್ಯಾನು 811 ರೂಪಾಯಿಗಿಂತ ಕಡಿಮೆಗೆ ಸಿಕ್ಕರೆ ಮಾಲೀಕನಿಗೆ ಉಳಿತಾಯ. ಡಬ್ಬಿಗಳ ಮೊದಲ ಖರ್ಚು ಬೇರೆ. ಶಾಂಪೂವಿನಲ್ಲಿ ಆಗುವ ಲಾಭ ಅಷ್ಟಕ್ಕಷ್ಟೆ ಎಂದೇ ಹೇಳಬೇಕು. ಆದರೆ ಸಾಬೂನಿನ ಮಾತು ಬೇರೆ. 15 ಗ್ರಾಮಿನ ಸಾಬೂನಿನಲ್ಲಿ ಅತಿಥಿಯು 5 ಗ್ರಾಮು ಸವೆಸಿ ಹೊರಟರೆ, ವರ್ಷಕ್ಕೆ 36 ಕಿಲೋಗೂ ಹೆಚ್ಚು ಸಾಬೂನು ತಿಪ್ಪೆಯ ಪಾಲು. ಡಬ್ಬಿಯಲ್ಲಾದರೆ ಉಳಿದುದು ನಾಳಿನ ಅತಿಥಿಗೆ.

ಇಷ್ಟು ಹೇಳಿದ ಮಾತ್ರಕ್ಕೆ ವಾದ ಮುಗಿಯಲಿಲ್ಲ. ಆಕ್ಷೇಪಣೆಗಳೂ ಉಂಟು. ಮೊದಲನೆಯದು ಶುಚಿತ್ವ. ‘ಅದರಲ್ಲಿ ಏನು ಹಾಕಿದಾರೋ ಯಾರಿಗೆ ಗೊತ್ತು’ ಎಂದು ಅತಿಥಿ ಸಂಶಯಿಸುವನು. ಈ ಸಂಶಯ ನಿರಾಧಾರವಾದುದಲ್ಲ. ಆಸ್ಪತ್ರೆಗಳಲ್ಲಿ ಕೈತೊಳೆಯುವ ಬಗೆಗೆ ಅಮೇರಿಕದ ರೋಗ ನಿಯಂತ್ರಣ ಕೇಂದ್ರವು 2002ರಲ್ಲಿ ಕೊಟ್ಟ ಸೂಚನೆಯಲ್ಲಿ, ಅರ್ಧ ಬರಿದಾದ ಡಬ್ಬಿಯ ಮೇಲೆಯೇ ಹೊಸ ಸಾಬೂನು ಸುರಿಯಬಾರದು, ಸುರಿದರೆ ರೋಗಾಣುಗಳು ಬೆಳೆಯಬಹುದು ಎಂದಿದೆ. ಡಬ್ಬಿ ಪೂರ್ತಿ ಬರಿದಾಗಬೇಕು, ತೊಳೆದು ಒಣಗಬೇಕು, ಆಮೇಲೆ ತುಂಬಬೇಕು. ನೀರು ಬೆರೆಸುವುದಂತೂ ಸಲ್ಲದು. ಮುಚ್ಚಳಕ್ಕೆ ಕೀಲಿಯಿದ್ದು, ಒಳಗಿನ ಮಟ್ಟ ಹೊರಗೆ ಕಾಣುವಂತಿದ್ದರೆ ಅತಿಥಿಗೂ ವಿಶ್ವಾಸ ಬರುವುದು.

ಎರಡನೆಯದು ದುಡಿಮೆಯ ಪ್ರಶ್ನೆ. ನನಗೆ ಇದೇ ಮುಖ್ಯವೆನಿಸುತ್ತದೆ. ಈ ವಿಷಯವನ್ನು ನಮ್ಮವ್ವನ ಮುಂದೆ ಹೇಳಿದಾಗ ಆಕೆ ಅಂದದ್ದಿಷ್ಟು: “ಛಲೋನ ಆತು ಬಿಡಪಾ. ಪಾಕೀಟ ಬಚ್ಚಲ ತೂತಿನ್ಯಾಗ ಸಿಕ್ಕೊಂಡು ನೀರ ನಿಂದರ್ತಾವ. ಕೈ ಹಾಕಿ ತಗ್ಯಾಕಿ ನಾನ. ಆದರ ಇಪ್ಪತ್ತ ಡಬ್ಬಿ ತೊಳ್ಯಾಕ ಬಿಸಿನೀರ ಬೇಕು, ಹೊತ್ತ ಬೇಕು. ಅದನ್ನ ಯಾರ ಕೊಡ್ತಾರ?” ಯಾವ ಗ್ರಂಥದಲ್ಲಿಯೂ ನಾನು ಇಷ್ಟು ಸ್ಪಷ್ಟವಾಗಿ ಓದಿರಲಿಲ್ಲ. ಮಾಲೀಕನು ಪಾಕೀಟಿನ ದುಡ್ಡನ್ನು ಉಳಿಸಿ, ತೊಳೆಯುವ ಕೆಲಸವನ್ನು ಅದೇ ಪಗಾರದಲ್ಲಿ ಅದೇ ಹೊತ್ತಿನಲ್ಲಿ ಮಾಡೆಂದರೆ, ಡಬ್ಬಿಯ ಮೇಲೆ ಡಬ್ಬಿ ಸುರಿಯುವ ಕಳ್ಳದಾರಿ ತಾನಾಗಿಯೇ ಹುಟ್ಟುವುದು. ಅತಿಥಿಯ ಸಂಶಯ ನಿಜವಾಗುವುದು. ಹೊಸ ಪದ್ಧತಿಯ ಗೆಲವು ಗೋಡೆಯ ಮೇಲಿನ ಡಬ್ಬಿಯಲ್ಲಿಲ್ಲ, ಅದನ್ನು ತೊಳೆಯುವವಳಿಗೆ ಕೊಡುವ ಹೊತ್ತಿನಲ್ಲಿದೆ. ಇದೇ ಈ ಲೇಖನದ ಸಾರ.

ಮರಳಿ ತುಂಬುವುದೆಂಬುದು ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಗಾಣದ ಎಣ್ಣೆಗೆ ಮನೆಯಿಂದಲೇ ಪಾತ್ರೆ ಒಯ್ಯುತ್ತಿದ್ದರು. ಹಾಲಿಗೆ ಇಂದಿಗೂ ಹಳ್ಳಿಗಳಲ್ಲಿ ಗಿಂಡಿ ಹಿಡಿದೇ ಹೋಗುತ್ತಾರೆ. ಆ ಪಾತ್ರೆಯನ್ನು ಬೂದಿ ಹಚ್ಚಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದ ಮೇಲೆಯೇ ಮತ್ತೆ ತುಂಬಿಸುವುದು ವಾಡಿಕೆ.

ಇದರಲ್ಲಿ ನಮ್ಮ ನೀರಿನ ಹಿತವೂ ಅಡಗಿದೆ. ರಬಕವಿ ಮತ್ತು ಜಮಖಂಡಿಯ ಸೀಮೆಯಲ್ಲಿ ಕೃಷ್ಣೆ, ಮುಧೋಳದ ಬಳಿ ಘಟಪ್ರಭೆ. ಎರಡೂ ಕೂಡಿ ಆಲಮಟ್ಟಿಯ ಜಲಾಶಯವನ್ನು ಸೇರುತ್ತವೆ, ಅದರ ಹಿನ್ನೀರು ಬೀಳಗಿಯ ಸೀಮೆಯಲ್ಲಿ ನಿಲ್ಲುತ್ತದೆ. ನಮ್ಮ ಗಟಾರಗಳಲ್ಲಿ ತೇಲಿದುದು ಕೊನೆಗೆ ಹೋಗುವುದು ಅಲ್ಲಿಗೇ. 2019ರ ಆಗಸ್ಟಿನ ಮಹಾಪೂರ ಇಳಿದ ಮೇಲೆ ದಂಡೆಯ ಜಾಲಿಗಿಡಗಳ ಮುಳ್ಳಿಗೆ ಪ್ಲಾಸ್ಟಿಕ್ ಚೂರುಗಳು ತೋರಣದಂತೆ ತೂಗುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಇದೇ ಕೃಷ್ಣೆಗೆ ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಬ್ಯಾರೇಜು ಕಟ್ಟಿದರು. ತಾವೇ ಮುಂದಾಗಿ ನದಿಗೆ ಅಡ್ಡಗಟ್ಟೆ ಹಾಕಿದ ಜನರ ಊರಿನಲ್ಲಿ, ಬಚ್ಚಲಿಗೊಂದು ಡಬ್ಬಿ ಹಾಕಲು ಕಾಯಿದೆಯ ದಾರಿ ಕಾಯಬೇಕೇ?

ಕೊನೆಯದಾಗಿ ನಾಲ್ಕು ಸೂಚನೆಗಳನ್ನು ವಾಚಕರ ಮುಂದಿಡುತ್ತೇನೆ. ನಮ್ಮ ಊರುಗಳ ಲಾಡ್ಜಿನವರು ಮೊದಲು ನಾಲ್ಕೈದು ಕೋಣೆಗಳಲ್ಲಿ ಡಬ್ಬಿಯನ್ನು ಪರೀಕ್ಷಿಸಲಿ. ತೊಳೆದು ತುಂಬಿದ ತಾರೀಖನ್ನು ಡಬ್ಬಿಯ ಮೇಲೆ ಬರೆಯಲಿ. ಆ ಕೆಲಸಕ್ಕೆಂದೇ ವಾರದಲ್ಲಿ ಒಂದು ಹೊತ್ತನ್ನು ಬಿಟ್ಟುಕೊಡಲಿ. ಪ್ರವಾಸಕ್ಕೆ ಹೋಗುವ ವಿದ್ಯಾರ್ಥಿ ಮಿತ್ರರು ತಮ್ಮ ಸಾಬೂನನ್ನು ತಾವೇ ಒಯ್ಯಲಿ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ನೀರಿಗೆ ಹೇಗೋ ಕಸಕ್ಕೂ ಹಾಗೆಯೇ ಅನ್ವಯಿಸುತ್ತದೆ. ಯಾವ ಹಳ್ಳ ಹರಿಯಬೇಕೆಂಬುದನ್ನು ಆರಿಸಿಕೊಳ್ಳುವ ಹೊಣೆ ನಮ್ಮದು.